ಮೋರಿಯ ಮೇಲೆ ನೀರು ಬರುವ ಮುಂಚೆ

ನಾನು ಹುಟ್ಟಿ ಬೆಳೆದದ್ದು ಮಿರಜ ತಾಲೂಕಿನ ಬೇಡಗದಲ್ಲಿ. ಅಲ್ಲಿ ನೀರೆಂದರೆ ಬಾವಿ, ಬೋರು, ಸರದಿಯ ಮೇಲೆ ಬರುವ ಕಾಲುವೆ. ಹೊಳೆ ನೋಡಬೇಕಾದರೆ ಶ್ರಾವಣ ಸೋಮವಾರ ಹರಿಪುರದ ಸಂಗಮಕ್ಕೆ ಹೋಗುತ್ತಿದ್ದೆವು. ಕಾಲು ತೊಳೆದು, ದೇವರಿಗೆ ಕಾಯಿ ಒಡೆಸಿ, ದಂಡೆಯ ಮೇಲೆ ಬುತ್ತಿ ಬಿಚ್ಚಿ ಉಂಡು ಬರುವುದಕ್ಕಷ್ಟೇ ಹೊಳೆ. ಮದುವೆಯಾಗಿ ಸಾಂಗ್ಲಿಗೆ ಬಂದ ಮೇಲೆ ನೋಡಿದೆ, ಇಲ್ಲಿಯವರು ಮಳೆಗಾಲವಿಡೀ ಹೊಳೆಯ ಸುದ್ದಿಯನ್ನು ಮನೆಯಲ್ಲಿ ಜ್ವರ ಬಂದವರ ಸುದ್ದಿಯಂತೆ ವಿಚಾರಿಸುತ್ತಾರೆ. ಗಿರಣಿಗೆ ಬಂದವರು ಡಬ್ಬಿ ಕೆಳಗಿಡುವ ಮೊದಲೇ, "ಇವತ್ತ ಪೂಲಿನ ಹಂತ್ಯಾಕ ಎಷ್ಟ ಫೂಟ ಐತಂತ್ರಿ?" ಎನ್ನುತ್ತಿದ್ದರು. ಯಾರೋ ಒಂದು ಅಂಕಿ ಹೇಳುತ್ತಿದ್ದರು. ಕೇಳಿದವರು ತಲೆ ಆಡಿಸಿ ಸುಮ್ಮನಾಗುತ್ತಿದ್ದರು. ಸೇತುವೆಯ ಹತ್ತಿರದ ಆ ಅಂಕಿ ನಮ್ಮ ಓಣಿಯಲ್ಲಿ ಯಾರ ಮನೆಯ ಯಾವ ಮೆಟ್ಟಿಲಿಗೆ ಸಮ ಎಂದು ನನಗೆ ತಿಳಿಯುತ್ತಿರಲಿಲ್ಲ. ಅವರಿಗೂ ತಿಳಿಯುತ್ತಿರಲಿಲ್ಲ ಎಂಬುದು ಬಹಳ ವರ್ಷಗಳ ಮೇಲೆ ಗೊತ್ತಾಯಿತು.

ನಮ್ಮದು ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ. ಗಂಡನ ಮನೆಯವರು ಎರಡು ತಲೆಮಾರಿನ ಹಿಂದೆ ಅಥಣಿ ಕಡೆಯಿಂದ ವ್ಯಾಪಾರಕ್ಕೆ ಬಂದು ಇಲ್ಲೇ ನಿಂತವರು. ಹೊರಗೆ ಮರಾಠಿ, ಒಳಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಓಣಿಯ ಒಂದು ಬದಿಗೆ ಕೃಷ್ಣಾ ಹೊಳೆ, ಇನ್ನೊಂದು ಬದಿಗೆ ಹೊಳೆಗೆ ಹೋಗಿ ಸೇರುವ ನಾಲಾ. ಪೇಟೆಗೆ, ಶಾಲೆಗೆ, ದವಾಖಾನೆಗೆ ಎಲ್ಲಿಗೆ ಹೋಗಬೇಕಾದರೂ ನಾಲಾದ ಮೇಲಿನ ಸಣ್ಣ ಮೋರಿಯನ್ನು ದಾಟಬೇಕು. ಬೇಸಿಗೆಯಲ್ಲಿ ಆ ನಾಲಾದಲ್ಲಿ ಪ್ಲಾಸ್ಟಿಕ್ಕು ಮತ್ತು ಹಂದಿಗಳ ಹೊರತು ಏನೂ ಇರುತ್ತಿರಲಿಲ್ಲ. ಯಾರೂ ಅದನ್ನು ಲೆಕ್ಕಕ್ಕೆ ಹಿಡಿದವರಲ್ಲ. ಎಲ್ಲರೂ ನೋಡುತ್ತಿದ್ದದ್ದು ಹೊಳೆಯ ಕಡೆಗೆ.

ನಾನು ಸೊಸೆಯಾಗಿ ಬಂದದ್ದು ಎರಡು ಸಾವಿರದ ಐದರ ಪೂರ, ಅಂದರೆ ಹೊಳೆಯ ನೆರೆ, ಇಳಿದ ಮರುವರ್ಷ. ಆಗಿನ್ನೂ ಗೋಡೆಗಳಲ್ಲಿ ತೇವ ಆರಿರಲಿಲ್ಲ. ನೀರು ಎಲ್ಲಿಯವರೆಗೆ ಬಂದು ನಿಂತಿತ್ತೋ ಅಲ್ಲಿಗೆ ಸರಿಯಾಗಿ ಮಾವ ಗಿರಣಿಯ ಹೊರಗಿನ ಕಂಬದ ಮೇಲೆ ಹಸಿರು ಎಣ್ಣೆಬಣ್ಣದಿಂದ ಒಂದು ಗೆರೆ ಎಳೆದಿದ್ದರು. ಕೆಲವು ವರ್ಷಗಳ ಮೇಲೆ ಮಾವ ತೀರಿಕೊಂಡರು. ಗೆರೆ ಉಳಿಯಿತು, ಅದರ ಕತೆ ಹೇಳುವ ಕೆಲಸ ಅತ್ತೆಗೆ ಬಂತು. ಅತ್ತೆಯನ್ನು ಓಣಿಯ ದೊಡ್ಡವರು ಸಣ್ಣವರು ಎಲ್ಲ 'ಆಯಿ' ಎಂದೇ ಕರೆಯುತ್ತಿದ್ದರು. ಹೊಸದಾಗಿ ಬಾಡಿಗೆಗೆ ಬಂದವರು ಯಾರಾದರೂ ಪೂರದ ಮಾತೆತ್ತಿದರೆ ಅವರನ್ನು ಕಂಬದ ಹತ್ತಿರ ಕರೆದುಕೊಂಡು ಹೋಗಿ ಗೆರೆಯ ಮೇಲೆ ಕೈಯಿಟ್ಟು, "ಇಷ್ಟ ಬಂತು. ಇಲ್ಲಿ ನಿಂತು. ಇಳದ ಹೋತು" ಎನ್ನುತ್ತಿದ್ದರು. ಅಷ್ಟಕ್ಕೇ ಕೇಳಿದವರ ಮುಖದಲ್ಲಿ ಸಮಾಧಾನ ಕಾಣುತ್ತಿತ್ತು.

ಓಣಿಯ ಕೊನೆಯಲ್ಲಿ, ನಾಲಾದ ಬದಿಗೆ, ತಗಡಿನ ಪತ್ರಾ ಹೊದಿಸಿದ ಶೆಡ್ಡುಗಳಿದ್ದವು. ಅಲ್ಲಿ ಇದ್ದವರು ಇಂಡಿ, ವಿಜಯಪುರದ ಕಡೆಯಿಂದ ದುಡಿಯಲು ಬಂದ ಮನೆಗಳು. ಹೆಂಗಸರು ಅರಿಶಿನದ ಗೋದಾಮುಗಳಲ್ಲಿ ಬೇರು ಆರಿಸುವ, ಚೀಲ ಹೊಲಿಯುವ ಕೆಲಸಕ್ಕೆ ಹೋಗುತ್ತಿದ್ದರು. ಸಂಜೆ ಜೋಳ ಬೀಸಿಸಲು ಬಂದಾಗ ಅವರ ಕೊರಳು, ಕಿವಿಯ ಹಿಂದೆ, ಉಗುರು ಎಲ್ಲ ಹಳದಿಯಾಗಿರುತ್ತಿದ್ದವು. ಅವರ ಜೊತೆ ಕನ್ನಡ ಮಾತಾಡಲು ಸಿಗುತ್ತದೆಂದು ಅತ್ತೆ ಸಂಜೆ ಗಿರಣಿಯ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಅವರಲ್ಲಿ ನನ್ನ ವಾರಿಗೆಯವಳೊಬ್ಬಳು ನನಗೆ ಗೆಳತಿಯಾಗಿದ್ದಳು. ಗಂಡ ಹಮಾಲಿ ಮಾಡುತ್ತಿದ್ದ. ದಮ್ಮಿನ ಬೇನೆಯ ತಂದೆಯನ್ನು ಮಿರಜದ ದವಾಖಾನೆಗೆ ತೋರಿಸಲೆಂದು ಊರಿಂದ ಕರೆಸಿ ತನ್ನ ಶೆಡ್ಡಿನಲ್ಲೇ ಇಟ್ಟುಕೊಂಡಿದ್ದಳು. ಮುಂದಿನ ಸಂಗತಿಗಳೆಲ್ಲ ಹೆಚ್ಚಾಗಿ ಅವಳಿಗೂ ಅತ್ತೆಗೂ ಸಂಬಂಧಪಟ್ಟವು.

ಎರಡು ಸಾವಿರದ ಹತ್ತೊಂಬತ್ತರ ಪಂಚಮಿಯ ವಾರ. ಉಂಡಿಯ ಹಿಟ್ಟಿಗೆ ಗಿರಣಿಯಲ್ಲಿ ಸಾಲು ಹತ್ತಿತ್ತು. ಮಳೆ ಬಿಡುವು ಕೊಟ್ಟಿರಲಿಲ್ಲ. ಮುನಿಸಿಪಾಲಿಟಿಯ ಆಟೋ ಮೈಕು ಕಟ್ಟಿಕೊಂಡು ಓಣಿಯ ಬಾಯಿಗೆ ಬಂದು, ಇಷ್ಟು ಕ್ಯೂಸೆಕ್ ವಿಸರ್ಗವಾಗಿದೆ, ನದಿತೀರದ ನಾಗರಿಕರು ಜಾಗರೂಕರಾಗಿರಬೇಕು ಎಂದು ಅಚ್ಚುಕಟ್ಟು ಮರಾಠಿಯಲ್ಲಿ ಸಾರಿ ಹಿಂತಿರುಗಿತು.

"ಏನಂತಾನ್ರಿ ಆಯಿ ಅಂವ?" ಎಂದು ಶೆಡ್ಡಿನ ಗೆಳತಿ ಕೇಳಿದಳು.

"ಡ್ಯಾಮಿನಿಂದ ನೀರ ಬಿಡತಾರಂತ. ವರ್ಷಾ ಬಿಡತಾರ."

"ನಾವ ಹೋಗಬೇಕೇನ್ರಿ ಹಂಗಾರ? ನಮ್ಮಪ್ಪಗ ನಡಿಯಾಕ ಆಗೂದಿಲ್ಲ."

ಅತ್ತೆ ಕಂಬದ ಕಡೆ ಕೈ ತೋರಿಸಿದರು. "ಅದನ್ನ ನೋಡು. ಅದಕಿಂತ ಮ್ಯಾಲ ನಾ ಈ ಮನಿಗೆ ಬಂದಾಗಿಂದ ಬಂದಿಲ್ಲ. ಸಾಮಾನ ಎತ್ತರಕ್ಕ ಇಡು. ನೀರ ಬಂತಂದ್ರ ಎದರ ಮನಿ ಮಾಳಗಿ ಐತಿ. ನಾವೂ ಅಲ್ಲೇ ಬರ್ತೀವಿ."

ಎದುರು ಮನೆ ಮರಾಠಿ ಕಾಕಾನದು. ಎಸ್‌ಟಿ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾದವರು. ಓಣಿಯಲ್ಲಿ ಮೇಲಂತಸ್ತು ಇದ್ದ ಕೆಲವೇ ಮನೆಗಳಲ್ಲಿ ಅವರದೂ ಒಂದು. ಅವರಿಗೂ ಅದೇ ಅಭಿಪ್ರಾಯ. ನನ್ನ ಗಂಡ ಮಾತ್ರ ಟೆಂಪೋ ತರಿಸಿ ಮೋಟಾರನ್ನಾದರೂ ಮಿರಜಕ್ಕೆ ಸಾಗಿಸೋಣ ಎಂದರು. "ಪಂಚಮಿ ಮುಂದ ಗಿರಣಿ ಬಂದ್ ಮಾಡಿದ್ರ ಮಂದಿ ಎಲ್ಲಿ ಹೋಗತಾರೋ?" ಎಂದು ಅತ್ತೆ ಕೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಮೋಟಾರು ಬಿಚ್ಚಿ ಗೆರೆಗಿಂತ ಗೇಣು ಎತ್ತರಕ್ಕೆ ಹಲಗೆ ಕಟ್ಟಿ ಅದರ ಮೇಲಿಟ್ಟೆವು. ಗೋಧಿಯ ಚೀಲಗಳೂ ಗೆರೆಯ ಮೇಲೆ. ದೇವರ ಫೋಟೋಗಳೂ ಗೆರೆಯ ಮೇಲೆ. ಓಣಿಯ ತುಂಬ ಎಲ್ಲರೂ ಮನೆಮನೆಯಲ್ಲಿ ನಮ್ಮ ಕಂಬದ ಅಳತೆಯನ್ನೇ ಹಿಡಿದು ಸಾಮಾನು ಏರಿಸಿದರು.

ಮರುದಿನ ಬೆಳಿಗ್ಗೆ ಹಾಲಿನವನು ಬರಲಿಲ್ಲ. ಹಬ್ಬಕ್ಕೆ ಹಾಲು ಬೇರೆ ಕಡೆ ಮಾರಿಕೊಂಡಿರಬೇಕೆಂದು ಅವನನ್ನು ಬೈದು ಕರಿ ಚಹಾ ಕುಡಿದೆವು. ಹೊಳೆಯ ಬದಿಯ ರಸ್ತೆ ಇನ್ನೂ ಒಣಗಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಹೊಳೆ ಮೆಟ್ಟಿಲ ಹತ್ತಿರ ಬಂದಿತೆಂದು ಕೇಳಿ ಅತ್ತೆ ಮಡಿ ಸೀರೆ ಉಟ್ಟು, ಉಡಿಯ ಸಾಮಾನು ತಟ್ಟೆಯಲ್ಲಿಟ್ಟುಕೊಂಡು, ಓಣಿಯ ಹೆಂಗಸರ ಜೊತೆ ಹೋಗಿ ನೀರಿಗೆ ಅರಿಶಿನ ಕುಂಕುಮ ಏರಿಸಿ, ಉಡಿ ತುಂಬಿ ಬಂದರು. ಅವರು ಹೊಳೆಯ ಕಡೆ ಮುಖ ಮಾಡಿ ನಿಂತಿದ್ದಾಗ ನಾನು ಮನೆಯೊಳಗಿದ್ದೆ. ಹಿಂದಿನ ಬಚ್ಚಲಲ್ಲಿ ಗುಳುಗುಳು ಸಪ್ಪಳ ಕೇಳಿ ಹೋಗಿ ನೋಡಿದರೆ ಗಟಾರದ ತೂತಿನಿಂದ ಕಪ್ಪು ನೀರು ಮೇಲೆ ಬರುತ್ತಿತ್ತು. ಅದನ್ನು ಅರಿವೆ ತುರುಕಿ ಮುಚ್ಚಿದೆ. ಅರಿವೆ ತೇಲಿ ಬಂತು.

ಸಂಜೆಯೊಳಗೆ ಕಾಕಾನ ಮಾಳಿಗೆಯ ಮೇಲೆ ನಾವು, ಶೆಡ್ಡಿನ ಮನೆಗಳವರು, ಇನ್ನಷ್ಟು ನೆರೆಯವರು ಕಿಕ್ಕಿರಿದಿದ್ದೆವು. ಗೆಳತಿಯ ತಂದೆಯನ್ನು ಅವಳ ಗಂಡ ಎದೆಮಟ್ಟದ ನೀರಿನಲ್ಲಿ ಹೆಗಲ ಮೇಲೆ ಹೊತ್ತು ತಂದಿದ್ದ. ಮುದುಕನ ಬಟ್ಟೆ ಬದಲಿಸಲು ಒಣ ಅರಿವೆ ಸಿಗುವುದೂ ಕಷ್ಟವಾಯಿತು. ಆತ ಗೋಡೆಗೆ ಒರಗಿ ಕುಳಿತು ಉಸಿರು ಎಳೆಯುತ್ತಿದ್ದ. ಆ ಸಪ್ಪಳ ಎಲ್ಲರಿಗೂ ಕೇಳುತ್ತಿತ್ತು. ಮರುದಿನ ಮುಂಜಾನೆ ಕಿಟಕಿಯಿಂದ ನೋಡಿದಾಗ ಕಂಬದ ಮೇಲಿನ ಹಸಿರು ಗೆರೆಗೆ ನೀರು ಹತ್ತಿತ್ತು. ನಾವೆಲ್ಲ ಅದು ಅಲ್ಲಿ ನಿಲ್ಲುತ್ತದೆಂದು ಕಾದೆವು. ಚಹಾದ ಹೊತ್ತಿಗೆ ಗೆರೆ ಕಾಣಲಿಲ್ಲ. ಕಾಕಾ ಮರಾಠಿಯಲ್ಲಿ, "ಇನ್ನೂ ಏರುತ್ತಿದೆ" ಎಂದರು. ಅತ್ತೆ ಕಿಟಕಿ ಬಿಟ್ಟು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕುಳಿತರು.

ಬೋಟು ಬರುವವರೆಗೆ ಬಹಳ ಹೊತ್ತಾಯಿತು. ಮೊದಲು ಆ ಮುದುಕನನ್ನು, ಜೊತೆಗೆ ಮಗಳನ್ನು ಇಳಿಸಿದರು. ಸೈನ್ಯದ ಹುಡುಗರು ಹಿಂದಿಯಲ್ಲಿ ಹೇಳಿದ್ದನ್ನು ಕಾಕಾ ಮರಾಠಿಯಲ್ಲಿ ಹೇಳಿದರು, ನಾನು ಅವಳಿಗೆ ಕನ್ನಡದಲ್ಲಿ ಹೇಳಿದೆ. ಕೈ ಹಿಡಿದು ಕುಳಿತುಕೋ, ಏಳಬೇಡ, ಇಷ್ಟೇ ಮಾತು. ನಾವು ಅದರ ನಂತರದ ಸುತ್ತಿನಲ್ಲಿ ಹೊರಟೆವು. ಅತ್ತೆ ಬೋಟಿನಲ್ಲಿ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದರು.

ಮಿರಜದಲ್ಲಿ ನನ್ನ ಅಕ್ಕನ ಮನೆ ಸಿತಾರ ಮಾಡುವವರ ಓಣಿಯ ಹಿಂದೆ. ಅಲ್ಲಿಗೆ ಹೋದರೆ ಬೇರೆಯೇ ಲೋಕ. ಅಂಗಡಿಯಲ್ಲಿ ಒಬ್ಬ ಕುಳಿತು ಸೋರೆಬುರುಡೆಗೆ ಉಜ್ಜುಕಾಗದ ಹಾಕುತ್ತಿದ್ದ. ಮಳೆಯೆಂದರೆ ಅವರಿಗೆ ಬರೀ ಮಳೆ. ಆದರೆ ರೈಲುಗಳು ನಿಂತಿದ್ದವು, ದಕ್ಷಿಣಕ್ಕೆ ಹೋಗುವ ರಸ್ತೆಗಳು ನೀರೊಳಗಿದ್ದವು. ಕರ್ನಾಟಕದಿಂದ ದವಾಖಾನೆಗಳಿಗೆ ಬಂದ ರೋಗಿಗಳು, ಅವರ ಸಂಗಡಿಗರು ಊರಿಗೆ ಹೋಗಲಾಗದೆ ವರಾಂಡಗಳಲ್ಲಿ ಚಾಪೆ ಹಾಸಿಕೊಂಡಿದ್ದರು. ನಾನು ಅಕ್ಕನ ಮನೆಯಲ್ಲಿ ರೊಟ್ಟಿ ಬಡಿದು, ಕಡಲೆಹಿಟ್ಟಿನ ಜುಣಕ ಮಾಡಿಕೊಂಡು, ತಂದೆಯನ್ನು ಅಲ್ಲಿನ ದವಾಖಾನೆಗೆ ಸೇರಿಸಿದ್ದ ಗೆಳತಿಗೆ ಒಯ್ಯುತ್ತಿದ್ದೆ. ಅವಳ ತಂದೆ ಕೆಲವು ದಿನ ಹಾಸಿಗೆಯಲ್ಲಿದ್ದು ತೀರಿಕೊಂಡ. ಶ್ವಾಸಕೋಶಗಳು ಮೊದಲೇ ಕೆಟ್ಟಿದ್ದವು, ನೀರಿನಿಂದಲೇ ಹೀಗಾಯಿತೆಂದು ಹೇಳಲು ಬರುವುದಿಲ್ಲ ಎಂದು ಡಾಕ್ಟರು ಸಮಾಧಾನವಾಗಿಯೇ ಹೇಳಿದರು. ಹೆಣವನ್ನು ಊರಿಗೆ ಒಯ್ಯಲು ದಾರಿಯಿರಲಿಲ್ಲ. ಮಿರಜದಲ್ಲೇ ಮಣ್ಣು ಮಾಡಿದರು. ಊರಿನಿಂದ ಯಾರಿಗೂ ಬರಲಾಗಲಿಲ್ಲ.

ಅಕ್ಕನ ಮನೆಗೆ ಮರಳಿದಾಗ ಅತ್ತೆ, "ಹ್ಯಾಂಗದಾನ ಆಕಿ ಅಪ್ಪ?" ಎಂದು ಕೇಳಿದರು.

"ಹೋದ್ರಿ ಅತ್ಯಾರ. ಮಣ್ಣೂ ಆತು."

ಆ ದಿನ ಅತ್ತೆ ಉಣ್ಣಲಿಲ್ಲ.

ನೀರು ಇಳಿದ ಮೇಲೆ ಓಣಿಗೆ ಮರಳಿದವರಿಗೆ ಮೊದಲು ಎದುರಾದದ್ದು ವಾಸನೆ. ಗಿರಣಿಯೊಳಗೆ ನೆನೆದ ಗೋಧಿ ಮೊಳೆತು ಹುಳಿತು ಉಬ್ಬಿ ಚೀಲಗಳು ಹರಿದಿದ್ದವು. ಗೋಡೆಯ ಮೇಲೆ ಹಿಟ್ಟು ಕೆಸರಿನ ಜೊತೆ ಸೇರಿ ಗಟ್ಟಿಯಾಗಿತ್ತು. ಗೆರೆಯ ಮೇಲಿಟ್ಟ ಮೋಟಾರಿನೊಳಗಿಂದ ಹೂಳು ತೆಗೆದೆವು. ಬೀಸುವ ಕಲ್ಲುಗಳನ್ನು ಹೊರಗೆ ಹಾಕಿ, ಮೋಟಾರಿನ ಪಟ್ಟಾ ಬಿಸಾಕಿ, ನೆಲವನ್ನು ಸಲಿಕೆಯಿಂದ ಕೆರೆದೆವು. ಎಲ್ಲಿಂದಲೋ ಬಂದ ಹುಡುಗ ಹುಡುಗಿಯರು ಗಮ್‌ಬೂಟು ಹಾಕಿಕೊಂಡು ಸಹಾಯ ಮಾಡಿ, ಹೆಸರು ಹೇಳದೆ ಹೋದರು. ಅತ್ತೆ ಗಿರಣಿಯೊಳಗೆ ಕಾಲಿಡಲಿಲ್ಲ. ಹಿಂದಿನ ಬಾಗಿಲಿನಿಂದಲೇ ಓಡಾಡಿದರು.

ದೀಪಾವಳಿ ಮುಗಿದ ಮೇಲೆ ಶಾಲೆಯ ಸಭಾಂಗಣದಲ್ಲಿ ಒಂದು ಸಭೆ ಕರೆದರು. ಪೂರದಿಂದ ಏನು ಕಲಿತೆವು, ಮುಂದೆ ಏನು ಮಾಡಬೇಕು ಎಂದು ಜನರ ಬಾಯಿಂದಲೇ ಕೇಳಬೇಕೆಂದು ಒಬ್ಬ ತರುಣ ಅಧಿಕಾರಿಣಿ ಬಂದಿದ್ದಳು. ಮರ್ಯಾದೆಯಿಂದ ಮಾತಾಡುವ ಹುಡುಗಿ. ಆದರೆ ಸಭೆ ಅವಳ ಕೈಗೆ ಸಿಗಲಿಲ್ಲ. ಒಬ್ಬರು ಡ್ಯಾಮಿನ ಬಾಗಿಲ ಬಗ್ಗೆ ಕೂಗಿದರು, ಒಬ್ಬರು ನಾಲಾದೊಳಗೆ ಮಣ್ಣು ತುಂಬಿ ಕಟ್ಟಡ ಕಟ್ಟಿದವರ ಬಗ್ಗೆ, ಒಬ್ಬರು ಬೋಟು ಯಾರ ಮನೆಗೆ ಮೊದಲು ಹೋಯಿತೆಂಬುದರ ಬಗ್ಗೆ. ಕೂಗು ಸ್ವಲ್ಪ ಇಳಿದಾಗ ಹಿಂದೆ ನೆಲದ ಮೇಲೆ ಕುಳಿತಿದ್ದ ಶೆಡ್ಡಿನ ಗೆಳತಿ ಎದ್ದಳು. ಅಧಿಕಾರಿಣಿಯ ಕಡೆ ನೋಡಲಿಲ್ಲ. ನೇರವಾಗಿ ಅತ್ತೆಯ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು:

"ಆಯಿ, ನೀವ ಹೋಗಿದ್ರ ನಾವೂ ಹೋಗತಿದ್ವಿ. ನೀವ ಕುಂತ್ರಿ ಅಂತ ನಾವ ಕುಂತ್ವಿ."

ಅತ್ತೆ ಕುರ್ಚಿಯ ಕೈ ಹಿಡಿದು ನಿಧಾನ ಎದ್ದರು. "ನಾ ಕಂಡಿದ್ದ ಹೇಳೇನಿ, ತಂಗಿ. ಕಾಣಲಾರದ್ದ ಹ್ಯಾಂಗ ಹೇಳ್ಲಿ?"

"ಇದಕಿಂತ ಮ್ಯಾಲ ಬಂದ್ರ ನನಗ ಗೊತ್ತಿಲ್ಲ ಅಂತರೆ ಹೇಳಬೇಕಾಗಿತ್ತಲ್ರಿ."

ಅವಳ ದನಿಯಲ್ಲಿ ಜಗಳವಿರಲಿಲ್ಲ. ಅತ್ತೆ ಮತ್ತೆ ಕುರ್ಚಿಯಲ್ಲಿ ಕುಳಿತರು. ಅಧಿಕಾರಿಣಿ ನನ್ನನ್ನು ನೋಡಿ, ಅವರು ಏನೆಂದರು ಎಂದು ಕೇಳಿದಳು. ನಾನು ಎರಡೂ ಮಾತುಗಳನ್ನು ಮರಾಠಿಯಲ್ಲಿ ಹೇಳಿದೆ. ಹೇಳುವಾಗ ಒಬ್ಬಳು ನನ್ನ ಅತ್ತೆ, ಇನ್ನೊಬ್ಬಳು ನನ್ನ ಗೆಳತಿ ಎಂಬುದನ್ನು ಬದಿಗಿಟ್ಟು, ಬಂದ ಮಾತನ್ನು ಹಾಗೇ ದಾಟಿಸುವುದು ಒಂದು ರೀತಿಯಲ್ಲಿ ಸುಲಭವಾಗಿತ್ತು.

ಸಭೆಯಿಂದ ಬರುವಾಗ ಕಾಕಾ ನಮ್ಮ ಜೊತೆಗಿದ್ದರು. ಮೋರಿ ದಾಟಿದ ಮೇಲೆ, "ಆಕೆ ಹೇಳಿದ್ದು ಸರಿ. ನಮ್ಮಲ್ಲಿ ಯಾರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಅಂತ ಒಮ್ಮೆ ಕುಳಿತು ನೋಡಬೇಕು" ಎಂದರು. ಗಿರಣಿ ಖಾಲಿಯಿತ್ತು. ಬೀಸುವ ಕಲ್ಲು ಇನ್ನೂ ಟಾಕಿ ಹಾಕಿಸಿಕೊಂಡು, ಉಳಿಯಿಂದ ಹಲ್ಲು ತೆಗೆಸಿಕೊಂಡು ಬಂದಿರಲಿಲ್ಲ. ಮುಂದಿನ ಭಾನುವಾರ ಕಾಕಾ ನಮ್ಮ ಗಿರಣಿಯ ನೆಲದ ಮೇಲೆ ಸೀಮೆಸುಣ್ಣದಿಂದ ಇಡೀ ಓಣಿಯನ್ನು ಬರೆದರು. ಒಂದು ಬದಿ ಹೊಳೆ, ಒಂದು ಬದಿ ನಾಲಾ, ನಡುವೆ ಮನೆಗಳು, ಶೆಡ್ಡುಗಳು, ಗುಡಿ. ಬಂದವರನ್ನೆಲ್ಲ ಅವರವರ ಮನೆಯ ಚೌಕದಲ್ಲಿ ನಿಲ್ಲಿಸಿದರು. ಬಸ್ಸಿನಲ್ಲಿ ಜನರನ್ನು ಒಳಗೆ ಸರಿಸುವ ಅಭ್ಯಾಸ ಅವರ ಕೈಗೆ ಇನ್ನೂ ಇತ್ತು. ಆಮೇಲೆ ಒಂದೇ ಪ್ರಶ್ನೆ: ನಿಮ್ಮಲ್ಲಿ ನೀರು ಯಾವಾಗ ಬಂತು?

ಎಲ್ಲರೂ ಒಮ್ಮೆಲೇ ಮಾತಾಡಿದರು. ಯಾರ ನೆನಪೂ ಇನ್ನೊಬ್ಬರದಕ್ಕೆ ಹೊಂದಲಿಲ್ಲ.

"ನಮ್ಮ ಮನ್ಯಾಗ ಮಧ್ಯಾನ್ಹ ಬಂತು."

"ಎಲ್ಲಿ ಮಧ್ಯಾನ್ಹ? ನಿಮ್ಮ ಮನ್ಯಾಗ ಬರೂ ಹೊತ್ತಿಗೆ ನಮ್ಮ ಟ್ರಂಕು ತೇಲಾಕ ಹತ್ತಿತ್ತು."

"ಕರೆಂಟ ಹೋಗೂಕಿಂತ ಮೊದಲೋ, ಆಮ್ಯಾಲೋ, ಅದನ್ನ ಹೇಳ್ರಿ" ಎಂದು ನನ್ನ ಗಂಡ ನಡುವೆ ಬಾಯಿ ಹಾಕಿದರು. ಅದರಿಂದ ಸ್ವಲ್ಪ ದಾರಿಯಾಯಿತು. ಕರೆಂಟು ಹೋಗುವ ಮೊದಲು ನೀರು ಕಂಡವರು ಮುಂದೆ ಬಂದರು, ಉಳಿದವರು ಹಿಂದೆ ಸರಿದರು. ನೋಡಿದರೆ ಮುಂದೆ ಬಂದವರೆಲ್ಲ ನಾಲಾದ ಬದಿಯವರು. ಹೊಳೆಗೆ ಮುಖ ಮಾಡಿದ ಮನೆಯವರು ಒಬ್ಬರೂ ಇರಲಿಲ್ಲ. ನಾನು ಬಚ್ಚಲಿನ ಮಾತು ಹೇಳಿದೆ. ಇನ್ನಿಬ್ಬರು ತಮ್ಮ ಬಚ್ಚಲಲ್ಲೂ ಹಾಗೇ ಆಯಿತೆಂದರು.

ಆಗ ಗೆಳತಿ, "ಅವತ್ತ ಹಾಲ ಬಂದಿತ್ತೇನ ಯಾರ ಮನಿಗೆರೆ?" ಎಂದು ಕೇಳಿದಳು.

ಯಾರ ಮನೆಗೂ ಬಂದಿರಲಿಲ್ಲ. ಎಲ್ಲರಿಗೂ ಆ ಕರಿ ಚಹಾ ನೆನಪಿತ್ತು. ಎಲ್ಲರೂ ಅವನನ್ನು ಬೈದವರೇ. ಒಬ್ಬರು ಅಲ್ಲಿಂದಲೇ ಹಾಲಿನವನಿಗೆ ಫೋನ್ ಹಚ್ಚಿ, ದನಿ ಎಲ್ಲರಿಗೂ ಕೇಳುವಂತೆ ಹಿಡಿದರು. ಅವನು ಇಷ್ಟು ದಿನದ ಮೇಲೆ ಇದನ್ನು ಯಾಕೆ ಕೇಳುತ್ತಾರೆಂದು ತಿಳಿಯದೆ ಹೇಳಿದ: "ಬಂದಿದ್ನೆಲ್ರಿ! ಮೋರಿ ಮ್ಯಾಲ ಮೊಳಕಾಲ ಮಟ ನೀರಿತ್ತು. ಗಾಡಿ ಬಂದ್ ಬಿತ್ತು. ಹೊಳ್ಳಿಸಿಕೊಂಡ ಹೋದ್ನಿ."

ಅಂದರೆ ನಾವು ಹೊಳೆಯ ಕಡೆ ನೋಡುತ್ತ, ಕಂಬದ ಗೆರೆ ನೋಡುತ್ತ, ಇನ್ನೂ ಒಂದು ಮನೆಯ ಹೊಸ್ತಿಲೂ ತೊಯ್ದಿಲ್ಲವೆಂದು ಸಮಾಧಾನದಲ್ಲಿದ್ದಾಗ ಹೊರಗೆ ಹೋಗುವ ದಾರಿ ಆಗಲೇ ಮುಚ್ಚಿತ್ತು. ಹೊಳೆ ತುಂಬಿದಾಗ ನಾಲಾದ ನೀರು ಹೊಳೆಯೊಳಗೆ ಹೋಗಲಾರದೆ ಹಿಂದಕ್ಕೆ ಬರುತ್ತದೆ, ಮೊದಲು ಮುಳುಗುವುದು ಮೋರಿ. ಹಿಂದಿನ ಪೂರದಲ್ಲೂ ಹಾಗೇ ಆಗಿರಬೇಕು. ಆಗ ಹೊರಗೆ ಹೋಗಲು ಯಾರೂ ನೋಡಿರಲಿಲ್ಲ, ಮಾಳಿಗೆ ಹತ್ತಿ ಕುಳಿತಿದ್ದರು, ಹಾಗಾಗಿ ಮೋರಿ ಮುಳುಗಿದ್ದನ್ನು ಯಾರೂ ಕಂಡಿರಲಿಲ್ಲ. ಒಬ್ಬೊಬ್ಬರಿಗೂ ತಮ್ಮ ಬಾಗಿಲಿನ ಪೂರ ಮಾತ್ರ ಗೊತ್ತಿತ್ತು.

ಅತ್ತೆ ಅಷ್ಟು ಹೊತ್ತು ಒಳಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಪೂರದ ಮೇಲೆ ಮೊದಲ ಸಲ ಗಿರಣಿಯೊಳಗೆ ಬಂದು, ಸೀಮೆಸುಣ್ಣದ ಮೋರಿಯ ಹತ್ತಿರ ನಿಂತು, ಗೆಳತಿಯನ್ನು ಕೇಳಿದರು: "ಇದು ಒಣಗಿದ್ದಾಗ ಹೊಂಟಿದ್ರ ನಿಮ್ಮಪ್ಪನ್ನ ರಿಕ್ಷಾದಾಗ ಒಯ್ಯಾಕ ಬರ್ತಿತ್ತು, ಹೌದಿಲ್ಲ?"

"ಬರ್ತಿತ್ರಿ" ಎಂದಳು ಅವಳು.

ಅವರಿಬ್ಬರ ನಡುವೆ ಆ ಸಂಗತಿಯ ಬಗ್ಗೆ ನನಗೆ ತಿಳಿದಂತೆ ಇದೇ ಕೊನೆಯ ಮಾತು.

ಕೆಲವು ನಿರ್ಣಯಗಳಾದವು. ಮೋರಿಯ ಕಟ್ಟೆಯ ಒಳಬದಿಗೆ ಕೆಂಪು ಬಣ್ಣ ಹಚ್ಚುವುದು, ನಾಲಾದ ನೀರು ಆ ಬಣ್ಣಕ್ಕೆ ತಾಗಿದರೆ ಸೇತುವೆಯ ಅಂಕಿ ಏನೇ ಇರಲಿ, ಹೊರಡುವುದು. ಹೋಗುವುದು ಶಾಲೆಗೆ. ನಡೆಯಲಾರದವರು ಮೊದಲು. ಶೆಡ್ಡುಗಳಿಗೆ ಕನ್ನಡದಲ್ಲಿ ಹೇಳಿಬರುವುದು ನನ್ನ ಪಾಲಿಗೆ ಬಂತು. ನನ್ನ ಗಂಡ ಉಳಿದ ಬಣ್ಣದಲ್ಲಿ ನಮ್ಮ ಕಂಬದ ಮೇಲೂ ಹೊಸ ಪೂರದ ಗೆರೆ ಎಳೆಯಲು ಹೋದರು. ಅತ್ತೆ ತಡೆದರು.

"ಬ್ಯಾಡೋ. ಮ್ಯಾಲ ಇನ್ನೊಂದ ಗೆರಿ ಹೊಡದ್ರ ಅದನ್ನ ನೋಡಕೋತ ಕುಂದರತಾರ ಮಂದಿ."

ಮುಂದಿನ ವರ್ಷ ರೋಗದ ವರ್ಷ, ಹೊಳೆ ಸುಮ್ಮನಿತ್ತು. ಅದರ ಮುಂದಿನ ಆಷಾಢದಲ್ಲಿ ಮತ್ತೆ ಮಳೆ ಹಿಡಿಯಿತು. ಇನ್ನೂ ಮಾಸ್ಕು ಹಾಕಿಕೊಂಡು ಓಡಾಡುವ ದಿನಗಳು. ಬೆಳಿಗ್ಗೆ ನಾನು ಮತ್ತು ಗೆಳತಿ ಕೊಡೆ ಹಿಡಿದು ಮೋರಿಗೆ ಹೋಗಿ ನೋಡಿದೆವು. ನಾಲಾದ ನೀರು ಹರಿಯುತ್ತಿರಲಿಲ್ಲ. ನಿಂತಿತ್ತು, ಅದರ ಮೇಲೆ ಕಸ ನಿಧಾನವಾಗಿ ಹಿಂದಕ್ಕೆ, ನಮ್ಮ ಕಡೆಗೆ ಸರಿಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಕೆಂಪಿಗೆ ತಾಗಿತು. ಓಣಿಯಲ್ಲಿ ಎಲ್ಲಿಯೂ ಹನಿ ನೀರು ನಿಂತಿರಲಿಲ್ಲ. ಹೊರಡಿ ಎಂದರೆ ಜನ ಮನೆಯ ಬಾಗಿಲಲ್ಲಿ ನಿಂತು ಆಕಾಶ ನೋಡಿದರು. ಶಾಲೆಯಲ್ಲಿ ಅಷ್ಟು ಮಂದಿ ಒಟ್ಟಿಗೆ ಇದ್ದರೆ ರೋಗ ಬರುತ್ತದೆ ಎಂಬ ಹೆದರಿಕೆಯೂ ಇತ್ತು, ಅದು ಸುಳ್ಳು ಹೆದರಿಕೆಯಲ್ಲ.

ಅತ್ತೆ ಟೆಂಪೋ ತರಿಸಲು ಹೇಳಿದರು. ಮೋಟಾರು, ಚೀಲಗಳು ಏರಿದ ಮೇಲೆ ತಮಗೊಂದು ಕುರ್ಚಿ ಹಾಕಿಸಿಕೊಂಡು ಹಿಂದೆಯೇ ಕುಳಿತರು. ಡ್ರೈವರ್ ಪಕ್ಕದಲ್ಲಿ ಮಳೆ ಬಡಿಯದ ಜಾಗವಿತ್ತು. ನಾನು ಕರೆದೆ.

"ಅತ್ಯಾರ, ಮುಂದ ಬರ್ರಿ. ತೊಯ್ಯತೀರಿ."

"ತೊಯ್ಲಿ ಬಿಡು. ಅವತ್ತ ನಾ ಕುಂತದ್ದ ಎಲ್ಲಾರೂ ನೋಡ್ಯಾರ. ಇವತ್ತ ಹೋಗೂದನ್ನೂ ನೋಡ್ಲಿ."

ಟೆಂಪೋ ನಿಧಾನವಾಗಿ ಓಣಿಯುದ್ದಕ್ಕೂ ಹೋಯಿತು. ಅತ್ತೆ ಕೊಡೆಯ ಕೆಳಗೆ ನೆಟ್ಟಗೆ ಕುಳಿತು, ಯಾರನ್ನೂ ಕರೆಯದೆ, ಪ್ರತಿ ಬಾಗಿಲನ್ನೂ ನೋಡುತ್ತ ಹೋದರು. ಶೆಡ್ಡಿನವರು ಗಂಟು ಹೊತ್ತು ಹಿಂದೆ ನಡೆದರು. ಆಮೇಲೆ ಒಂದೊಂದೇ ಮನೆ ಹೊರಬಿತ್ತು. ಎಲ್ಲರೂ ಚಪ್ಪಲಿ ತೊಯ್ಯದೆ ಮೋರಿ ದಾಟಿದರು.

ಬರದೆ ಉಳಿದವರು ಕಾಕಾ. ನೆಲದ ಮೇಲೆ ಓಣಿ ಬರೆದು ತೋರಿಸಿದವರೇ. ಅವರ ಹೆಂಡತಿಗೆ ಸಕ್ಕರೆ ಕಾಯಿಲೆ, ಶಾಲೆಯ ಗದ್ದಲದಲ್ಲಿ ರೋಗ ತಗುಲಿದರೆ ಉಳಿಯುವುದಿಲ್ಲ ಎಂದರು. ತಮ್ಮ ಮಾಳಿಗೆಗೆ ಆಗಲೂ ನೀರು ಬಂದಿರಲಿಲ್ಲ ಎಂದರು. ಅವರ ಲೆಕ್ಕ ಅವರಿಗಿತ್ತು. ನೀರು ಈ ಸಲವೂ ಬಂತು, ಆದರೆ ಹಿಂದಿನಷ್ಟು ಏರಲಿಲ್ಲ. ಗಿರಣಿಯೊಳಗೆ ಸೊಂಟದ ಮಟ್ಟ, ಎತ್ತರದ ಕೆಲವು ಮನೆಗಳಿಗೆ ಏನೂ ಇಲ್ಲ. ಕಾಕಾ ಮತ್ತು ಅವರ ಹೆಂಡತಿ ಕರೆಂಟಿಲ್ಲದೆ, ಬಿಸ್ಕೀಟು ತಿಂದು, ಮಾಳಿಗೆಯ ಮೇಲೆ ಇದ್ದು ಸುಖವಾಗಿಯೇ ಇಳಿದು ಬಂದರು. ಶಾಲೆಯಲ್ಲಿ ಒಂದೆರಡು ಮಂದಿಗೆ ಜ್ವರ ಬಂತು, ವಾಸಿಯಾಯಿತು.

ಊರು ಒಣಗಿದ ಮೇಲೆ ಗಿರಣಿಯ ಸಾಲಿನಲ್ಲಿ ಗೊಣಗಾಟ ಶುರುವಾಯಿತು. ನೀರೇ ಬರದ ಮನೆಯವರು ಸುಮ್ಮಸುಮ್ಮನೆ ಶಾಲೆಯ ನೆಲದ ಮೇಲೆ ಮಲಗಬೇಕಾಯಿತು, ಕಾಕಾ ಆರಾಮಾಗಿ ಮನೆಯಲ್ಲೇ ಇದ್ದರಲ್ಲ ಎಂದು. "ಏನೂ ಆಗಲೇ ಇಲ್ಲ, ಯಾಕ ಹೋಗಿದ್ವಿ ನಾವು?" ಎಂದು ಒಬ್ಬರು ಕೇಳಿದರು. ಜೋಳದ ಚೀಲ ಬಿಚ್ಚುತ್ತಿದ್ದ ಗೆಳತಿ ತಲೆ ಎತ್ತದೆ, "ಏನೂ ಆಗಬಾರದಂತನ ಹೋಗಿದ್ದಲ್ರಿ" ಎಂದಳು. ಕೆಲವರು ನಕ್ಕರು. ಕೆಲವರು ಒಪ್ಪಲಿಲ್ಲ. ಅವರು ಈಗಲೂ ಒಪ್ಪಿಲ್ಲ, ಮುಂದಿನ ಸಲ ಬರುತ್ತಾರೋ ಇಲ್ಲವೋ ಹೇಳಲಾರೆ.

ಗೆಳತಿಯ ಕುಟುಂಬ ಈಗ ಮಿರಜದ ಸ್ಟೇಶನ್ನಿನ ಆಚೆ ಬಾಡಿಗೆಯ ಖೋಲಿ ಮಾಡಿಕೊಂಡಿದೆ. ಅವಳು ಅಲ್ಲಿನ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ. ಬಸ್ಸು ಹತ್ತಿ ಬಂದು ಹಿಟ್ಟು ಬೀಸಿಸಿಕೊಂಡು ಹೋಗಲಾರದಷ್ಟು ದೂರ ಅದಲ್ಲವಾದರೂ, ಅಲ್ಲೇ ಬೇಕಾದಷ್ಟು ಗಿರಣಿಗಳಿರುವಾಗ ಬರಲು ಕಾರಣವೂ ಇಲ್ಲ. ಹಬ್ಬಕ್ಕೆ ಫೋನು ಮಾಡುತ್ತಾಳೆ. ಶೆಡ್ಡುಗಳಿಗೆ ಕಲಬುರಗಿ ಕಡೆಯ ಬೇರೆ ಮನೆಗಳು ಬಂದಿವೆ. ಅವರಿಗೆ ಇನ್ನೂ ಹೊಳೆಯ ಪರಿಚಯವಿಲ್ಲ. ನಾನು ಮಳೆಗಾಲಕ್ಕೆ ಮೊದಲು ಹೋಗಿ ಹೇಳಿ ಬರುತ್ತೇನೆ. ಹೆಂಗಸರು ಕೇಳುತ್ತಾರೆ, ಗಂಡಸರು ಮೊಬೈಲು ನೋಡುತ್ತಿರುತ್ತಾರೆ.

ನಾವು ಗಿರಣಿಯ ನೆಲವನ್ನು ಎತ್ತರಿಸಿ ಕಟ್ಟಿಸಿದೆವು. ಯಂತ್ರಗಳಿಗೆ ಅದು ಒಳ್ಳೆಯದಾಯಿತು. ಆದರೆ ಈಗ ಒಳಗೆ ಬರಲು ಕಡಿದಾದ ಮೆಟ್ಟಿಲು ಹತ್ತಬೇಕು. ವಯಸ್ಸಾದ ಗಿರಾಕಿಗಳು ಕಾಳು ತುಂಬಿದ ಡಬ್ಬಿ ಎತ್ತಿಕೊಂಡು ಹತ್ತಲಾರದೆ ಒಬ್ಬೊಬ್ಬರೇ ಪೇಟೆಯ ಗಿರಣಿಗೆ ಹೋಗತೊಡಗಿದರು. ಅತ್ತೆಯ ಮೊಳಕಾಲಿಗೂ ಆ ಮೆಟ್ಟಿಲು ಆಗುವುದಿಲ್ಲ. ಅವರು ಓಣಿಯಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಯಾರಾದರೂ ಡಬ್ಬಿ ಹಿಡಿದು ಬರುವುದು ಕಂಡರೆ ಮೇಲೆ ನೋಡಿ ನನ್ನನ್ನು ಕೂಗುತ್ತಾರೆ.

"ಇಳದ ಬಾರವಾ, ಡಬ್ಬಿ ಬಂದಾವ."

ಮೋಟಾರಿನ ಸಪ್ಪಳದಲ್ಲಿ ಒಮ್ಮೊಮ್ಮೆ ಕೇಳಿಸುವುದಿಲ್ಲ. ಕೇಳಿಸಿದರೆ ಕೈಯ ಹಿಟ್ಟು ಝಾಡಿಸಿ ಇಳಿದು ಹೋಗುತ್ತೇನೆ.